ತಿಕೋಟಾ ಬಗೆಯ ಮೇಣ

ಭೂಮಿಯ ಮೇಲಿನ ಪ್ರತಿಯೊಂದು ಎಲೆಯೂ ಮೇಣದ ತೆಳು ಹೊದಿಕೆಯೊಂದನ್ನು ಹೊದ್ದುಕೊಂಡೇ ಬದುಕುತ್ತದೆ. ಬಿಸಿಲು, ಧೂಳು, ಗಾಳಿ, ಹುಳ ಎಲ್ಲದರ ಎದುರು ಅದೇ ಅದರ ಕವಚ, ಅದೇ ಅದರ ಮಾನ. ಈ ಗಂಭೀರ ವಾಕ್ಯವನ್ನು ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ, ವರ್ಷಕ್ಕೊಮ್ಮೆಯಂತೆ, ರಸಾಯನಶಾಸ್ತ್ರದ ತರಗತಿಯಲ್ಲಿ ಹೇಳಿದ್ದೇನೆ. ಹೇಳಿ ಮುಗಿಸಿದ ಕೂಡಲೇ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುತ್ತಿದ್ದರು. ಬರುವುದಿಲ್ಲ ಎಂದು ತಿಳಿದ ಮೇಲೆ ಪೆನ್ನುಗಳು ಕೆಳಗಿಳಿಯುತ್ತಿದ್ದವು.

ಕಳೆದ ಫೆಬ್ರವರಿಯ ಕೊನೆಗೆ ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ವಾಸ್ತುಶಾಂತಿಗೆಂದು ತಿಕೋಟಾಕ್ಕೆ ಹೋಗಿದ್ದೆ. ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ತೋಟಗಳ ಕಡೆಯಿಂದ ಗಾಳಿ ಬೀಸಿತು. ಒಡೆದ ದ್ರಾಕ್ಷಿಯ ಹುಳಿಸಿಹಿ, ಅದರ ಕೆಳಗೆ ಸಾಬೂನಿನಂಥ, ಎಣ್ಣೆಯಂಥ ಒಂದು ಜಿಡ್ಡು ವಾಸನೆ. ಒಣದ್ರಾಕ್ಷಿಯ ಹಂಗಾಮಿನಲ್ಲಿ ಆ ಊರಿನ ತುಂಬ ಇರುವುದು ಇದೇ ವಾಸನೆ. ಊರಿನವರಿಗೆ ಅದು ಗೊತ್ತೇ ಆಗುವುದಿಲ್ಲ. ನನಗೆ ಮಾತ್ರ ಕಾಲು ನಿಂತಿತು. ಆರು ವರ್ಷದ ಹಿಂದೆ, ಇದೇ ಊರಿನಲ್ಲಿ, ಈ ವಾಸನೆ ಇಲ್ಲವೆಂದು ನಾನು ಅಧಿಕೃತವಾಗಿ ತೀರ್ಮಾನಿಸಿದ್ದೆ.

ಅದು ನನ್ನ ನೌಕರಿಯ ಕೊನೆಯ ವರ್ಷ. ಮೇ ತಿಂಗಳ ಕೊನೆಗೆ ನಿವೃತ್ತಿ. ನನ್ನ ಮಾರ್ಗದರ್ಶನದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದವರು ಒಬ್ಬರೇ, ತಿಕೋಟಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಶಮೀಮ್. ವಯಸ್ಸು ಮೂವತ್ತೆಂಟರ ಆಸುಪಾಸು. ಊರಿನವರೆಲ್ಲ ಆಕೆಯನ್ನು, ಟೀಚರ್ ಎಂಬ ಅರ್ಥದಲ್ಲಿ, ಅಕ್ಕೋರು ಎನ್ನುತ್ತಿದ್ದರು. ಆಕೆಗಿಂತ ಹಿರಿಯ ಅಣ್ಣ ದಸ್ತಗೀರನೂ ನಾಲ್ಕು ಜನರ ಮುಂದೆ ಹಾಗೆಯೇ ಕರೆಯುತ್ತಿದ್ದ. ನಾಲ್ಕು ವರ್ಷ ಸಾಲೆಯ ಕೆಲಸದ ಜೊತೆಗೇ ಓದುತ್ತ ಬಂದ ಆಕೆಗೆ ಆ ಒಂದು ವರ್ಷ ಅಧ್ಯಯನ ರಜೆ ಸಿಕ್ಕಿತ್ತು. ಅಂಥ ರಜೆ ಸೇವೆಯಲ್ಲಿ ಒಂದೇ ಸಲ. ವರ್ಷ ಮುಗಿಯುವುದರೊಳಗೆ ಪ್ರಬಂಧ ಸಲ್ಲಿಸಿದರೆ ಮುಂದೆ ಕಾಲೇಜಿನ ಅಧ್ಯಾಪಕಿ. ಇಲ್ಲವಾದರೆ ಎಂಟನೆಯ ತರಗತಿಗೆ ಅಯಸ್ಕಾಂತದ ಎರಡು ಧ್ರುವಗಳು, ನಿವೃತ್ತಿಯವರೆಗೆ.

ವಿಷಯ ನಾನು ಕೊಟ್ಟದ್ದು. ಹೊರದೇಶಗಳಲ್ಲಿ ಬೆಟ್ಟದ ಮೇಲೆ ತಾನಾಗಿ ಬೆಳೆದ ಪೈನ್ ಮರಗಳ ಸೂಜಿ ಎಲೆಗಳಿಂದ ಮೇಣ ತೆಗೆದು, ಈ ಬೆಟ್ಟದ ಮರದ ಮೇಣ ಬೇರೆ, ಆ ಬೆಟ್ಟದ್ದು ಬೇರೆ ಎಂದು ತೋರಿಸಿಕೊಡುತ್ತಾರೆ. ಓದಿದಾಗಿನಿಂದ ನನಗೆ ಅದರ ಹುಚ್ಚು. ನಮ್ಮ ಸೀಮೆಯಲ್ಲಿ ಪೈನ್ ಇಲ್ಲ, ಬೆಟ್ಟವೂ ಇಲ್ಲ. ಎಕ್ಕೆ ಇದೆ. ಯಾರೂ ನೆಡದ, ಯಾರೂ ನೀರುಣಿಸದ, ದನವೂ ಮುಟ್ಟದ ಎಕ್ಕೆ. ಎಲೆಯ ಮೇಲೆ ಬೂದಿ ಬಳಿದಂತೆ ಮೇಣ ಹೊತ್ತು ನಿಂತ ಈ ಗಿಡವೇ ನಮ್ಮ ಪೈನ್ ಎಂದು ನಾನು ಘೋಷಿಸಿದೆ. ಗೋಳಗುಮ್ಮಟದ ಹಿಂದಿನ ಬಯಲು, ಇಬ್ರಾಹಿಂಪುರದ ರೈಲು ಹಳಿಯ ಬದಿ, ತಿಕೋಟಾ, ಬಬಲೇಶ್ವರದ ಹತ್ತಿರದ ಕಲ್ಲುಭೂಮಿ, ಹೀಗೆ ನಾಲ್ಕು ನೆಲೆಗಳು. ಒಂದೊಂದರಲ್ಲಿ ಇಪ್ಪತ್ತು ಗಿಡ. ಮಳೆಗೆ ಮೇಣ ತೊಳೆದುಹೋಗುತ್ತದೆಂದು ಗಿಡದಿಂದ ಎಲೆ ಹರಿದುಕೊಳ್ಳುವ ಕೆಲಸವನ್ನು ಜನವರಿಯಿಂದ ಮಾರ್ಚ್‌ವರೆಗೆ ಇಟ್ಟುಕೊಂಡೆವು. ಎಲೆಯನ್ನು ಕ್ಲೋರೋಫಾರ್ಮಿನಲ್ಲಿ ಅರೆನಿಮಿಷ ಅದ್ದಿ ತೆಗೆದರೆ ಮೇಣ ಅದರಲ್ಲಿ ಇಳಿಯುತ್ತದೆ. ಅದನ್ನು ಸೋಸಿ, ಆರಿಸಿ, ತೂಗಿ, ಚಿಕ್ಕ ಸೀಸೆಗೆ ಹಾಕಿ ದೂರದೂರಿನ ಯಂತ್ರಕ್ಕೆ ಕಳಿಸುವುದು. ಯಂತ್ರ ಮೇಣದೊಳಗೆ ಏನೇನಿದೆ ಎಂದು ಗೆರೆ ಎಳೆದು, ಹೆಸರು ಬರೆದು ಕೊಡುತ್ತದೆ.

ಕೆಲಸದಲ್ಲಿ ಶಮೀಮ್ ನನಗಿಂತ ಕಟ್ಟುನಿಟ್ಟು. ಇಬ್ರಾಹಿಂಪುರದಲ್ಲಿ ನಾವು ಆರಿಸಿದ ಗಿಡಗಳಿಗೆ ಗುರುತಿಗೆಂದು ಕೆಂಪು ದಾರ ಕಟ್ಟಿ ಬಂದಿದ್ದೆವು. ಎಂಟು ದಿನ ಬಿಟ್ಟು ಹೋದರೆ ಮೂರು ಗಿಡಕ್ಕೆ ಅರಿಷಿಣ ಕುಂಕುಮ, ಒಂದರ ಬುಡದಲ್ಲಿ ಅರ್ಧ ಹೋಳು ತೆಂಗಿನಕಾಯಿ. ನಾನು ಎಲೆಗೆ ಕೈಹಾಕಿದ್ದೇ ತಡ, ಎದುರು ಮನೆಯ ಶಾಂತವ್ವ ಎಂಬ ಮುದುಕಿ ಕಸಬರಿಗೆ ಹಿಡಿದೇ ಹೊರಗೆ ಬಂದಳು.

"ಯಪ್ಪಾ, ಕಣ್ಣ ಕಾಣಸ್ತಾವಿಲ್ಲೇನು? ಯಾರೋ ಹರಕಿ ಹೊತ್ತು ದಾರ ಕಟ್ಟ್ಯಾರ."

ದಾರ ಕಟ್ಟಿದ್ದು ನಾನೇ ಎಂದೆ.

"ನೀನ ಕಟ್ಟಿದ್ರ ಹರಕಿ ತೀರಿಸಿ ಬಿಚ್ಚಕೊಂಡ ಹೋಗು. ಹರಕಿ ಹೊತ್ತಾಂವನ ಎಲಿ ಹರಿತಾನಂದ್ರ ಏನ ಹೇಳೂದು."

ಮೂವತ್ತೊಂದು ವರ್ಷ ಪಾಠ ಹೇಳಿದವನು ಎಲೆಯಿಂದ ಕೈ ತೆಗೆದೆ. ಶಮೀಮ್ ಮುದುಕಿಯ ಕಟ್ಟೆಯ ಮೇಲೆ ಕೂತು, ನೀರು ಕೇಳಿ ಕುಡಿದು, ಗಿಡಕ್ಕೆ ಬೇನೆ ಇದೆಯೋ ಇಲ್ಲವೋ ನೋಡುವ ಕೆಲಸ ಇದು ಎಂದು ತಿಳಿಸಿ ಹೇಳಿದಳು. ಆಮೇಲೆ ಶಾಂತವ್ವನೇ ಕೈಮುಗಿದು ಅನುಮತಿ ಕೊಟ್ಟಳು. ಆದರೆ ಕುಂಕುಮ ಬಿದ್ದ ಮೂರು ಗಿಡಗಳನ್ನು ಶಮೀಮ್ ಕೈಬಿಟ್ಟು ಬೇರೆ ಮೂರನ್ನು ಆರಿಸಿಕೊಂಡಳು. ಯಾಕೆಂಬುದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದಳು. ಕುಂಕುಮದಲ್ಲಿ ಏನು ಬೆರೆತಿರುತ್ತದೋ ಯಾರಿಗೆ ಗೊತ್ತು ಸರ, ಅಂದಳು. ನಾನು ಮೆಚ್ಚಿ ತಲೆಯಾಡಿಸಿದೆ. ಕುಂಕುಮ ನನ್ನ ಕಣ್ಣಿಗೂ ಕಾಣುತ್ತಿತ್ತಲ್ಲ.

ಮಾರ್ಚಿನಲ್ಲಿ ತಿಕೋಟಾದ ಸರದಿ. ಆ ಊರಿನ ಸುತ್ತ ಎಕ್ಕೆಗೇನು ಕೊರತೆ? ಆದರೂ ನೆಲೆಯನ್ನು ನಾನೇ ಖುದ್ದಾಗಿ ಆರಿಸಿದೆ. ಅದಕ್ಕೆ ವೈಜ್ಞಾನಿಕ ಕಾರಣಗಳಿದ್ದವು: ನೆರಳು, ಕುರ್ಚಿ, ಚಹಾ. ಮೂರೂ ದಸ್ತಗೀರನ ಒಣದ್ರಾಕ್ಷಿ ಶೆಡ್ಡಿನಲ್ಲಿ ಸಿಗುತ್ತಿದ್ದವು. ಶೆಡ್ಡಿನಿಂದ ಮೂವತ್ತು ಹೆಜ್ಜೆ ದೂರದ ಬದುವಿನ ಮೇಲೆ ಸಾಲಾಗಿ ಎಕ್ಕೆ ನಿಂತಿತ್ತು. ನಾನು ಕುರ್ಚಿಯಲ್ಲಿ ಕೂತು ನೋಡಿದೆ, ಶಮೀಮ್ ಎಲೆ ಹರಿದಳು, ದಸ್ತಗೀರ ಎರಡನೆಯ ಸಲ ಚಹಾ ತರಿಸಿದ. ಪ್ರಬಂಧದಲ್ಲಿ ಈ ಜಾಗವನ್ನು "ಮನುಷ್ಯರ ಹಸ್ತಕ್ಷೇಪದಿಂದ ದೂರವಿರುವ ನೆಲೆ" ಎಂದು ಬರೆಸಿದ್ದು ನಾನೇ.

ಶೆಡ್ಡಿನಲ್ಲಿ ಆಗ ಕೆಲಸ ಭರ್ತಿ ನಡೆದಿತ್ತು. ಗೊಂಚಲುಗಳನ್ನು ಕ್ರೇಟಿನಲ್ಲಿಟ್ಟು ತೊಟ್ಟಿಯ ನೀರಿನಲ್ಲಿ ಅದ್ದಿ ಎತ್ತುತ್ತಿದ್ದರು. ಆ ನೀರಿನಲ್ಲಿ ಪೊಟ್ಯಾಶ್ ಜೊತೆಗೆ ಒಂದು ಎಣ್ಣೆ ಕಲಸಿರುತ್ತಾರೆ. ಊರಿನಲ್ಲಿ ಅದಕ್ಕೆ ಡಿಪ್ಪಿಂಗ್ ಆಯಿಲ್ ಎಂದೇ ಹೆಸರು. ದ್ರಾಕ್ಷಿಯ ಮೈಮೇಲಿನ ಮೇಣ ಸಡಿಲವಾಗಲಿ, ಒಳಗಿನ ನೀರು ಬೇಗ ಹೊರಬೀಳಲಿ ಎಂದು ಈ ಸ್ನಾನ. ಆಮೇಲೆ ಹಣ್ಣನ್ನು ಬಲೆಯ ಅಟ್ಟಣಿಗೆಗಳ ಮೇಲೆ ಹರವಿ, ಅದೇ ನೀರನ್ನು ಪಂಪಿನಿಂದ ಎರಡು ಮೂರು ದಿನ ಮೇಲಿಂದ ಸಿಂಪಡಿಸುತ್ತಾರೆ. ಗಾಳಿ ಬಂದ ಕಡೆಗೆ ಅದರ ತುಂತುರು ಹೋಗುತ್ತದೆ. ಮೇಣದ ವಿಷಯದಲ್ಲಿ ನಾನು ಪಂಡಿತ. ಇಡೀ ಊರು ನನ್ನ ಕಣ್ಣೆದುರಿಗೆ ಮೇಣ ಕರಗಿಸುತ್ತಿತ್ತು. ನಾನು ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ಹೇಳುತ್ತ ಕೂತಿದ್ದೆ.

ಏಪ್ರಿಲ್ ಮೊದಲ ವಾರ ಯಂತ್ರದ ವರದಿಗಳು ಬಂದವು. ಗೋಳಗುಮ್ಮಟ, ಇಬ್ರಾಹಿಂಪುರ, ಬಬಲೇಶ್ವರ ಮೂರೂ ಅಣ್ಣತಮ್ಮಂದಿರ ಹಾಗೆ ಒಂದೇ ಥರ. ವ್ಯತ್ಯಾಸ ಹುಡುಕುವ ಪ್ರಬಂಧಕ್ಕೆ ವ್ಯತ್ಯಾಸವೇ ಇಲ್ಲದಿದ್ದರೆ ಹೇಗೆ? ನಾಲ್ಕನೆಯ ಹಾಳೆ ತಿರುಗಿಸಿದೆ. ತಿಕೋಟಾ. ಮಾಮೂಲಿನ ಗೆರೆಗಳು ಕುಗ್ಗಿ, ಅವುಗಳ ನಡುವೆ ಇನ್ನೆಲ್ಲೂ ಇಲ್ಲದ ಒಂದು ಗೆರೆ ಗೋಳಗುಮ್ಮಟದ ಹಾಗೆ ಎದ್ದು ನಿಂತಿತ್ತು. ಹೆಸರು ಈಥೈಲ್ ಓಲಿಯೇಟ್. ಎಣ್ಣೆಯ ಜಾತಿಯ ವಸ್ತು. ಬಿಸಿಲಿನ ತಾಪಕ್ಕೆ ಈ ಗಿಡ ತನಗೆ ತಾನೇ ಹೊಸ ಮೇಣವೊಂದನ್ನು ಕಟ್ಟಿಕೊಂಡಿದೆ ಎಂದು ನಾನು ಹತ್ತು ನಿಮಿಷದಲ್ಲಿ ಸಿದ್ಧಾಂತ ಕಟ್ಟಿದೆ. ಅದಕ್ಕೆ "ತಿಕೋಟಾ ಬಗೆ" ಎಂದು ನಾಮಕರಣವನ್ನೂ ಮಾಡಿ, ಶಮೀಮ್‌ಗೆ ಫೋನ್ ಮಾಡಿ ಕರೆಸಿದೆ. ನಿನ್ನ ಊರಿನ ಹೆಸರು ವಿಜ್ಞಾನದಲ್ಲಿ ಉಳಿಯುತ್ತದೆ ಎಂದೆ. ನನ್ನ ಹೆಸರು ಅದರ ಜೊತೆಗೆ ಉಳಿಯುತ್ತದೆ ಎನ್ನುವುದನ್ನು ಹೇಳುವ ಅಗತ್ಯವಿರಲಿಲ್ಲ.

ಆಕೆ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಚೀಲದಿಂದ ನೋಟ್‌ಬುಕ್ ತೆಗೆದು, ತಿಕೋಟಾದ ಪುಟ ಬಿಚ್ಚಿ ನನ್ನ ಮುಂದಿಟ್ಟಳು. ಗಿಡದ ಎತ್ತರ, ಎಲೆಯ ಅಳತೆಗಳ ಕೆಳಗೆ ಅಂದವಾದ ಅಕ್ಷರದಲ್ಲಿ ಒಂದು ಸಾಲಿತ್ತು: ಎಲೆ ಕೈಗೆ ಜಿಡ್ಡಾಗುತ್ತದೆ, ಶೆಡ್ಡಿನ ವಾಸನೆ ಇದೆ.

"ಸರ, ಸಿಟ್ಟಾಗಬ್ಯಾಡ್ರಿ. ಇದು ಗಿಡದ್ದಲ್ಲ ಅನಸ್ತೈತಿ. ಅಣ್ಣನ ಪಂಪಿನ ನೀರು ಹಾರಿ ಬಿದ್ದಿರಬೇಕು."

"ನೋಡವಾ, ಮೂಗು ಉಪಕರಣ ಅಲ್ಲ. ಅದಕ್ಕ ದಶಾಂಶ ಇರೂದಿಲ್ಲ."

"ದಶಾಂಶ ಇಲ್ಲ ಖರೆ ಸರ. ಆದ್ರ ನಾ ಇದ ವಾಸನಿಯೊಳಗ ಬೆಳದೀನಿ. ಊರಾಚೆ ಬೀಳ ಜಮೀನದಾಗ ಎಕ್ಕಿ ಅದಾವ, ಅಲ್ಲಿ ಶೆಡ್ ಇಲ್ಲ. ಒಂದ ತಿಂಗಳ ಕೊಡ್ರಿ, ಮತ್ತ ಹರಕೊಂಡ ಬರ್ತೀನಿ."

ಒಂದು ತಿಂಗಳು. ಆಕೆಯ ರಜೆಯಲ್ಲಿ ಅದಕ್ಕೆ ಇನ್ನೂ ಜಾಗವಿತ್ತು. ನನ್ನ ಬಳಿ ಇರಲಿಲ್ಲ. ಏಪ್ರಿಲ್ ಕೊನೆಗೆ ಒಂದು ವಿಚಾರಸಂಕಿರಣವಿತ್ತು, ನಿವೃತ್ತಿಗೆ ಮುಂಚಿನ ಕೊನೆಯದು. ಅಲ್ಲಿ ತಿಕೋಟಾ ಬಗೆಯನ್ನು ಲೋಕಾರ್ಪಣೆ ಮಾಡಬೇಕೆಂದು ನಾನು ಆಗಲೇ ಹೆಸರು ಕೊಟ್ಟಿದ್ದೆ. ಹಾಗೆಂದು ನಾನು ಹೇಳಲಿಲ್ಲ. ಮನೆಯ ಅನುಭವವನ್ನು ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿಯ ಜೊತೆಗೆ ಬಿಟ್ಟು ಬರಬೇಕು ಎಂಬ ಬಗ್ಗೆ ಒಂದು ಚಿಕ್ಕ ಉಪನ್ಯಾಸ ಕೊಟ್ಟೆ. ಉಪನ್ಯಾಸ ಚೆನ್ನಾಗಿತ್ತು. ಮುಗಿಸಿ, ಜೇಬಿನಿಂದ ಕೆಂಪು ಪೆನ್ನು ತೆಗೆದು, ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಹೊಡೆದು ಹಾಕಿದೆ. ಪ್ರಬಂಧದ ಜೊತೆಗೆ ಹೋಗುವ ನೋಟ್‌ಬುಕ್ಕಿನ ಶುದ್ಧಪ್ರತಿಯಲ್ಲಿ ಇದು ಬೇಡ ಎಂದೆ.

ಆಕೆ ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಶುದ್ಧಪ್ರತಿಯಲ್ಲಿ ಆ ಸಾಲು ಬರಲಿಲ್ಲ.

ವಿಚಾರಸಂಕಿರಣದಲ್ಲಿ ಚಪ್ಪಾಳೆ ಬಿತ್ತು. ಮೇ ಮೂರನೆಯ ವಾರ ಪ್ರಬಂಧ ಸಲ್ಲಿಸಿದೆವು, ಕೊನೆಯ ದಿನ ನನಗೆ ಶಾಲು ಹೊದಿಸಿ ಕಳಿಸಿದರು. ಜೂನಿನಲ್ಲಿ ಶಮೀಮ್ ಸಾಲೆಗೆ ಮರಳಿದಳು. ದಸ್ತಗೀರ ಆಗಲೇ ಒಂದು ಪೆಟ್ಟಿಗೆ ಒಣದ್ರಾಕ್ಷಿ ಕಳಿಸಿ, ತಂಗಿ ಡಾಕ್ಟರ್ ಆದ ದಿನ ನೀವು ನಮ್ಮ ಮನೆಗೆ ಊಟಕ್ಕೆ ಬರಲೇಬೇಕು ಎಂದು ಹೇಳಿಸಿದ್ದ.

ಮೌಖಿಕ ಪರೀಕ್ಷೆ ನಡೆದದ್ದು ಡಿಸೆಂಬರಿನಲ್ಲಿ. ನಿವೃತ್ತನಾದರೂ ಮಾರ್ಗದರ್ಶಕನೆಂದು ನನ್ನನ್ನು ಕರೆದಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಗಡಿಯಾಚೆಯ ದ್ರಾಕ್ಷಿ ಸೀಮೆಯವರು. ಮೆದು ಮಾತಿನ, ಸ್ವೆಟರ್ ಹಾಕಿದ ಮನುಷ್ಯ. ಮೊದಲ ಅರ್ಧ ತಾಸು ಶಮೀಮ್ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಇಬ್ರಾಹಿಂಪುರದ ಕುಂಕುಮದ ಟಿಪ್ಪಣಿಯನ್ನು ಅವರು ಶುದ್ಧಪ್ರತಿಯಿಂದ ಗಟ್ಟಿಯಾಗಿ ಓದಿ, ಇಂಥ ಪ್ರಾಮಾಣಿಕ ನೋಟ್‌ಬುಕ್ ನೋಡಿ ಬಹಳ ದಿನವಾಯಿತು ಎಂದರು. ಆಮೇಲೆ ತಿಕೋಟಾದ ಪುಟಕ್ಕೆ ಬಂದು ಕನ್ನಡಕ ತೆಗೆದರು.

"ಇಲ್ಲಿ ಎಲಿ ಹರಿದದ್ದು ಯಾವ ತಿಂಗಳರಿ?"

"ಮಾರ್ಚ್ ಸರ."

"ಹತ್ತರ ಒಣದ್ರಾಕ್ಷಿ ಶೆಡ್ ಏನರೆ ಇತ್ತೇನು?"

"ಮೂವತ್ತ ಹೆಜ್ಜಿ ಮ್ಯಾಲ ಇತ್ತರಿ."

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಡಿಪ್ಪಿಂಗ್ ಆಯಿಲ್ ಅಂದರೆ ಮುಖ್ಯವಾಗಿ ಇದೇ ಈಥೈಲ್ ಓಲಿಯೇಟ್ ಎಂದು ಬಹಳ ಸಂಕೋಚದಿಂದ, ತಮ್ಮದೇ ತಪ್ಪೆನ್ನುವ ಹಾಗೆ, ಹೇಳಿದರು. ನಮ್ಮ ಹೊಸ ಮೇಣ ಡಬ್ಬಿಯಲ್ಲಿ ಬಂದದ್ದಾಗಿತ್ತು. ಆಮೇಲೆ ಅವರು ಕೇಳಿದ ಪ್ರಶ್ನೆ ಇದು:

"ಒಬ್ಬರಿಗೂ ಸಂಶಯ ಬರಲಿಲ್ಲೇನ್ರಿ?"

ಶಮೀಮ್‌ಳ ಚೀಲ ಕುರ್ಚಿಯ ಕಾಲಿಗೆ ಒರಗಿತ್ತು. ಅದರ ಬಾಯಿಯಿಂದ ಹಳೆಯ ನೋಟ್‌ಬುಕ್ಕಿನ ನೀಲಿ ಅಂಚು ನನಗೆ ಕಾಣುತ್ತಿತ್ತು. ಅದನ್ನು ಎತ್ತಿ ಮೇಜಿನ ಮೇಲಿಟ್ಟಿದ್ದರೆ ಮುಗಿಯುತ್ತಿತ್ತು. ಕೆಂಪು ಗೆರೆ ಯಾರ ಪೆನ್ನಿನದೆಂದು ಕೇಳುವ ಅಗತ್ಯವೂ ಇರುತ್ತಿರಲಿಲ್ಲ. ಆಕೆ ನನ್ನ ಕಡೆ ತಿರುಗಿ ನೋಡಿದಳು. ಆರೋಪದ ನೋಟವಲ್ಲ ಅದು. ತರಗತಿಯಲ್ಲಿ ಗೊತ್ತಿರುವ ಉತ್ತರವನ್ನು ಮೇಷ್ಟ್ರು ಹೇಳಲಿ ಎಂದು ಮಕ್ಕಳು ಕಾಯುತ್ತಾರಲ್ಲ, ಹಾಗೆ ಕಾದಳು. ನಾನು ನನ್ನ ಮುಂದಿದ್ದ ಲೋಟ ಎತ್ತಿ ನೀರು ಕುಡಿದೆ. ಬಾಯಾರಿಕೆ ಇರಲಿಲ್ಲ. ಪೂರ್ತಿ ಲೋಟ ಕುಡಿದೆ.

"ತಪ್ಪ ನಂದರಿ ಸರ," ಎಂದಳು ಶಮೀಮ್. "ನಾ ಅದ ಊರಾಕಿ. ನನಗ ತಿಳೀಬೇಕಿತ್ತು."

ಪರೀಕ್ಷಕರು ಕೆಟ್ಟದಾಗಿ ಏನೂ ಬರೆಯಲಿಲ್ಲ. ತಿಕೋಟಾದ ಎಲೆಗಳನ್ನು ಹೊಸದಾಗಿ, ಶೆಡ್ಡುಗಳಿಂದ ದೂರ, ಎರಡು ಹಂಗಾಮಿನಲ್ಲಿ ಹರಿದು, ಪ್ರಬಂಧ ತಿದ್ದಿ ಮರಳಿ ಸಲ್ಲಿಸಬೇಕೆಂದು ಬರೆದರು. ನ್ಯಾಯವಾದ ಮಾತು. ಆದರೆ ಅದಕ್ಕೆ ರಜೆ ಬೇಕು, ಹೊಸ ಮಾರ್ಗದರ್ಶಕ ಬೇಕು, ಯಂತ್ರವಿರುವ ಊರಿನಲ್ಲಿ ಮತ್ತೆ ಸರದಿ ಬೇಕು. ರಜೆ ಎರಡನೆಯ ಸಲ ಇಲ್ಲ. ನಾನು ನಿವೃತ್ತ. ನನ್ನ ಹಳೆಯ ವಿಭಾಗದವರು ತಿಕೋಟಾ ಎಂಬ ಹೆಸರು ಕೇಳಿದರೆ ನಗುತ್ತಿದ್ದರು, ನನ್ನೆದುರಿಗೆ ಮಾತ್ರ ನಗುತ್ತಿರಲಿಲ್ಲ. ಆ ಸಂಜೆ ಮರಳುವ ಬಸ್ಸಿನಲ್ಲಿ ಶಮೀಮ್ ನನಗೆ ಕಿಟಕಿಯ ಬದಿಯ ಜಾಗ ಬಿಟ್ಟುಕೊಟ್ಟು, ಬಿ.ಪಿ. ಗುಳಿಗೆ ತೊಗೊಂಡ್ರೇನು ಎಂದು ಕೇಳಿದಳು. ತೊಗೊಂಡೆ ಎಂದೆ. ಇಬ್ಬರ ನಡುವೆ ಆ ದಿನ ನಡೆದ ಮಾತು ಅಷ್ಟೇ. ಆಮೇಲೆ ಹಬ್ಬಕ್ಕೆ ಮೆಸೇಜು, ಹೊಸ ವರ್ಷಕ್ಕೆ ಮೆಸೇಜು. ವರ್ಷ ಕಳೆದಂತೆ ಅವೂ ತೆಳುವಾದವು.

ಇಷ್ಟೂ ಆ ಗಾಳಿಯಲ್ಲಿ ಬಂದು ಮುಖಕ್ಕೆ ಬಡಿದ ಮೇಲೆ ವಾಸ್ತುಶಾಂತಿಯ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟೆ. ಎದ್ದು ದಸ್ತಗೀರನ ಶೆಡ್ಡಿಗೆ ನಡೆದೆ. ಅವನು ಗುರುತು ಹಿಡಿದು, ಕುರ್ಚಿ ಒರೆಸಿ ಹಾಕಿದ. ಗಡ್ಡ ಬೆಳ್ಳಗಾಗಿತ್ತು. ಬೆಲೆ, ಮೋಡ, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ, ಐದು ವರ್ಷ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಹೇಳಿದ.

"ಸರ, ನಮ್ಮ ತಂಗಿ ತಪ್ಪ ಮಾಡಿ ನಿಮಗೂ ಹೆಸರ ಕೆಡಿಸಿದ್ಲು. ತನ್ನದ ತಪ್ಪು ಅಂತ ಆಕಿನ ಹೇಳ್ಯಾಳ. ಮನಸಿಗೆ ಹಚ್ಕೋಬ್ಯಾಡ್ರಿ."

ನನ್ನ ಕ್ಷಮೆ ಕೇಳುತ್ತಿದ್ದ. ನನ್ನ ಕೈಯಲ್ಲಿ ಅವನು ತರಿಸಿದ ಚಹಾ ಇತ್ತು. ಈ ಸಲ ಕುಡಿಯಲಿಲ್ಲ. ಕೆಂಪು ಪೆನ್ನಿನ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ, ಅಲಂಕಾರವಿಲ್ಲದೆ ಹೇಳಿದೆ. ದಸ್ತಗೀರ ಕೇಳುತ್ತ ಕೇಳುತ್ತ ಅಟ್ಟಣಿಗೆಯ ಮೇಲಿನ ಹಣ್ಣನ್ನು ಕೈಯಿಂದ ಸವರುತ್ತ ಹೋದ. ಮುಗಿದ ಮೇಲೂ ಸವರುತ್ತಲೇ ಇದ್ದ.

"ಮನ್ಯಾಗ ಎಲ್ಲಾರೂ ಆಕಿಗೆ ಅಂದೀವ್ರಿ," ಎಂದ ಕೊನೆಗೆ. "ನಾನೂ ಅಂದೀನಿ. ಶೆಡ್ಡಿನ್ಯಾಗ ಬೆಳದು ಇಷ್ಟೂ ತಿಳೀಲಿಲ್ಲೇನ ಅಂತ. ಆಕಿ ಬಾಯಿ ಬಿಡಲಿಲ್ಲ. ಇದನ್ನ ನನ್ನ ಮುಂದ್ಯಾಕ ಹೇಳ್ತೀರಿ, ಆಕಿ ಮುಂದ ಹೇಳ್ರಿ."

ಸಾಲೆ ಅಲ್ಲಿಂದ ದೂರವಿರಲಿಲ್ಲ. ಮಧ್ಯಾಹ್ನದ ಬಿಡುವಿನ ಹೊತ್ತು. ಶಮೀಮ್ ಶಿಕ್ಷಕರ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಕೂರಿಸಿದಳು, ನೀರು ತರಿಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ವಾಕ್ಯಗಳು ಬಹಳ ಭವ್ಯವಾಗಿದ್ದವು, ಒಂದೂ ಬರಲಿಲ್ಲ. ಆವತ್ತು ಆ ಸಾಲು ಹೊಡೆದವನು ನಾನು, ಪರೀಕ್ಷೆಯಲ್ಲಿ ಬಾಯಿ ಬಿಡಬೇಕಾಗಿದ್ದವನೂ ನಾನೇ, ಎಂದಷ್ಟೇ ಹೇಳಿದೆ.

"ಗೊತ್ತೈತ್ರಿ ಸರ," ಎಂದಳು. "ನಾನೂ ಅಲ್ಲೇ ಇದ್ನಲ್ಲ."

ಆಮೇಲೆ ಗಂಟೆ ಹೊಡೆಯಿತು. ಆಕೆಗೆ ತರಗತಿಯಿತ್ತು. ನನ್ನನ್ನು ಗೇಟಿನವರೆಗೆ ಬಿಟ್ಟು, ಬಿಸಿಲಾಗಿದೆ, ತಲೆಗೆ ಟವೆಲ್ ಹಾಕಿಕೊಳ್ಳಿ ಎಂದು ಹೇಳಿ ಒಳಗೆ ಹೋದಳು.

ಮನೆಗೆ ಬಂದು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆ. ವಾಸನೆಯ ಸಂಗತಿಯನ್ನು ಅಭ್ಯರ್ಥಿ ಎಲೆ ಹರಿದ ದಿನವೇ ಬರೆದಿಟ್ಟಿದ್ದಾರೆ, ಅದನ್ನು ಹೊಡೆದು ಹಾಕಿಸಿದ್ದು ಮಾರ್ಗದರ್ಶಕನಾದ ನಾನು, ಆದ್ದರಿಂದ ಮರುಸಲ್ಲಿಕೆಗೆ ಅವಕಾಶ ಕೊಡಬೇಕು ಎಂದು ಎರಡು ಪುಟ. ಎರಡು ತಿಂಗಳಿಗೆ ಮೂರು ಸಾಲಿನ ಉತ್ತರ ಬಂತು. ಶಮೀಮ್ ಅವರ ನೋಂದಣಿ ಅವಧಿ ಮುಗಿದು ಎರಡು ವರ್ಷದ ಹಿಂದೆಯೇ ರದ್ದಾಗಿದೆ.